ಯಂತ್ರದ ಮೇಲೆ ಡ್ರೈವರನ ಹೊಟ್ಟೆಕಿಚ್ಚು

ಹೋದ ಮಂಗಳವಾರ ಸಂಜೆ ಡ್ರೈವರ್ ತೀರಿಕೊಂಡ. ಹೃದಯ ನಿಂತಿತು ಎಂದು ವೈದ್ಯರು ಬರೆದುಕೊಟ್ಟರು. ಕೆಲಸದಿಂದ ನಿವೃತ್ತನಾಗಿ ಕೆಲವು ವರ್ಷಗಳಾಗಿದ್ದರೂ ಬೀದಿಯಲ್ಲಿ ಎಲ್ಲರಿಗೂ ಅವನು ಡ್ರೈವರೇ. ನಾನು ಅವನ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಅವನ ಬೆನ್ನು ನೋಡಿಕೊಂಡೇ ನನ್ನ ಅರ್ಧ ಆಯುಸ್ಸು ಕಳೆಯಿತು.

ಅವನ ಬಗ್ಗೆ ಬರೆಯುವುದಾದರೆ ಅವನ ಹೊಟ್ಟೆಕಿಚ್ಚಿನಿಂದಲೇ ಶುರು ಮಾಡಬೇಕು. ಅದನ್ನು ಬಿಟ್ಟು ಬರೆದರೆ ಅದು ಬೇರೆ ಯಾರದೋ ಕಥೆಯಾಗುತ್ತದೆ.

ನಮ್ಮ ಮುಂದೆ ಇನ್ನೊಂದು ಬಸ್ಸು ಹೋಗುತ್ತಿದ್ದರೆ ಅವನ ಕುತ್ತಿಗೆ ಕೆಂಪಾಗುತ್ತಿತ್ತು. ನಿಲ್ದಾಣದಲ್ಲಿ ನಿಂತ ಜನ ಆ ಬಸ್ಸು ಹತ್ತಿದರೆ, “ನೋಡೋ ಕಂಡಕ್ಟರ್, ನಮ್ಮ ಜನಾನ ಎತ್ತಾಕ್ಕೊಂಡು ಹೋಗ್ತಿದಾನೆ” ಅನ್ನುತ್ತಿದ್ದ. ರಸ್ತೆ ಬದಿ ಕಾಯುತ್ತಾ ನಿಂತವರೆಲ್ಲ ಹುಟ್ಟಿದ್ದೇ ತನ್ನ ಬಸ್ಸಿಗಾಗಿ ಎಂದು ಅವನ ಲೆಕ್ಕ. ಹಾಗೆ ನಿಂತವರಲ್ಲಿ ಒಬ್ಬಳು ಹೊಲಿಗೆ ಅಂಗಡಿಗೆ ಕೆಲಸಕ್ಕೆ ಹೋಗುವ ಹುಡುಗಿ. ದಿನವೂ ಅವನ ಎಡಗಡೆಯ ಮೊದಲ ಸೀಟಿನಲ್ಲಿ ಕೂರುತ್ತಿದ್ದಳು. ಒಂದು ದಿನ ಅವಳೂ ಮುಂದಿನ ಬಸ್ಸು ಹತ್ತಿ ಹೋಗಿಬಿಟ್ಟಳು. ಅವತ್ತು ಇವನು ಊಟ ಮುಟ್ಟಲಿಲ್ಲ. ಮರುದಿನ ಅವಳು ಮೆಟ್ಟಿಲ ಮೇಲೆ ಕಾಲಿಡುವಾಗಲೇ ಕೇಳಿದ.

“ನಿನ್ನೆ ಆ ಬಸ್ಸಲ್ಲಿ ಹೋದ್ರಲ್ಲ, ಅದರಲ್ಲಿ ಅಂಥಾದ್ದೇನಿತ್ತು?”

“ಅದು ಮೊದಲು ಬಂತು.”

“ನಾಳೆಯಿಂದ ನಾನೇ ಮೊದಲು ಬರ್ತೀನಿ.”

ಬಂದ ಕೂಡ. ಹೊತ್ತಿಗೆ ಮುಂಚೆ ಬಂದು ಬಂದು ಡಿಪೋದವರಿಂದ ಬೈಸಿಕೊಂಡ. ಆ ಹುಡುಗಿಯೇ ಮುಂದೆ ಅವನ ಹೆಂಡತಿಯಾಗಿ, ನನ್ನ ಬಾಯಲ್ಲಿ ಅತ್ತಿಗೆಯಾದರು.

ಮದುವೆಯಾದ ಮೇಲೆ ಅತ್ತಿಗೆ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡರು. ಶಾಲೆಯ ಸಮವಸ್ತ್ರ, ಕಿಟಕಿಯ ಪರದೆ, ದಿಂಬಿನ ಚೀಲ. ಕಾಲಿನಿಂದ ತುಳಿಯುವ ಯಂತ್ರ. ಡ್ರೈವರನಿಗೆ ಅದರ ಮೇಲೂ ಕಣ್ಣು. “ಅವಳ ಕಾಲು ನನ್ನ ಜೊತೆ ನಡೆದಿದ್ದಕ್ಕಿಂತ ಅದರ ಜೊತೆ ಓಡಿದ್ದೇ ಜಾಸ್ತಿ” ಎಂದು ಗೊಣಗುತ್ತಿದ್ದ. ಅತ್ತಿಗೆ ಬಾಯಲ್ಲಿದ್ದ ದಾರ ಕಡಿದು, “ಅದು ಎದುರು ಮಾತಾಡಲ್ಲ, ಅದಕ್ಕೇ” ಅನ್ನುತ್ತಿದ್ದರು. ಮಕ್ಕಳಿರಲಿಲ್ಲ. ಕೆಲಸ ಮುಗಿದ ಮೇಲೆ ಇಬ್ಬರೂ ತೋಳಿಗೆ ತೋಳು ಕೊಟ್ಟು ಕಾಲುವೆ ದಂಡೆಯ ಮೇಲೆ ನಡೆದು ಬರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅವನ ಬದುಕಿನಲ್ಲಿ ಯಾರ ಜೊತೆಗೂ ಹಂಚಿಕೊಳ್ಳಬೇಕಿಲ್ಲದ ಹೊತ್ತು ಅದೊಂದೇ.

ಹೋದ ವರ್ಷ ಚಳಿಗಾಲದಲ್ಲಿ ಅತ್ತಿಗೆಗೆ ಪಾರ್ಶ್ವವಾಯು ಹೊಡೆಯಿತು. ಹೊಲಿಯುತ್ತಾ ಕೂತಲ್ಲೇ ಎಡಗಾಲು ತುಳಿಯುವ ಹಲಗೆಯಿಂದ ಜಾರಿತು. ಮಾತು ಉಳಿಯಿತು, ಕೈ ಕೆಲವೇ ವಾರಗಳಲ್ಲಿ ದಾರಿಗೆ ಬಂತು. ಎಡಗಾಲು ಮಾತ್ರ ಯಾರದೋ ಕಾಲಿನ ಹಾಗೆ ಬಿದ್ದುಕೊಂಡಿತ್ತು.

ಆಸ್ಪತ್ರೆಯಿಂದ ಮನೆಗೆ ಕರೆತಂದ ವಾರವೇ ಡ್ರೈವರ್ ತಾನೇ ಗುರುವಾದ. ವ್ಯಾಯಾಮ ಕಲಿಸಲು ಮನೆಗೆ ಬರುತ್ತಿದ್ದವರನ್ನು ಎರಡನೇ ಸಲಕ್ಕೇ ಬೇಡವೆಂದ. “ನಡೆಯೋದು ಇವಳಿಗೆ ಮರೆತಿದೆ, ಓಡಿಸೋದು ನನಗೆ ಗೊತ್ತಿದೆ. ಮಧ್ಯದಲ್ಲಿ ಇನ್ನೊಬ್ಬ ಯಾಕೆ?” ಅಂದ. ಮಂಚದಿಂದ ಕಿಟಕಿಯವರೆಗೆ ಅವರ ರಸ್ತೆ. ಅತ್ತಿಗೆಯ ತೋಳು ಬಿಗಿಯಾಗಿ ಹಿಡಿದು ಹೇಳಿಕೊಡುತ್ತಿದ್ದ.

“ಎಡಗಾಲು ಅಂದ್ರೆ ಕ್ಲಚ್ಚು ಅಂತ ತಿಳ್ಕೋ. ಕ್ಲಚ್ ಒತ್ತು. ಹಿಡ್ಕೋ. ಈಗ ನಿಧಾನಕ್ಕೆ ಬಿಡು. ಪಟ್ಟಂತ ಬಿಟ್ರೆ ಗಾಡಿ ಜಗ್ಗುತ್ತೆ. ಹಾ, ಈಗ ಬಲಗಾಲು.”

“ನಾನೇನು ಬಸ್ಸಾ?”

“ಬಸ್ಸಾಗಿದ್ರೆ ಇಷ್ಟು ಹೊತ್ತಿಗೆ ಊರು ದಾಟ್ತಿದ್ವಿ. ಒತ್ತು ಕಣೇ.”

ಅತ್ತಿಗೆ ಮೊದಲ ಸಲ ಕಿಟಕಿ ಮುಟ್ಟಿದ ದಿನ ಅವನು ನಮ್ಮ ಮನೆಗೆ ಬಂದು, ಒಳಗೂ ಬಾರದೆ, ಬಾಗಿಲಲ್ಲೇ ನಿಂತು, “ನಡೆದಳು” ಅಂದ. ಅಷ್ಟೇ ಹೇಳಿ ಹೋದ. ನಾನು ಮರುದಿನ ಹೋಗಿ ನೋಡಿದೆ. ನಡೆಯುತ್ತಿದ್ದರು, ನಿಜ. ಎಡ ಪಾದ ಊರಿ, ಒತ್ತಿ, ಹಾಗೇ ಹಿಡಿದು, ಆಮೇಲೆ ನೆಲ ಎಲ್ಲಿ ಎಗರಿಬಿಡುತ್ತದೋ ಅನ್ನುವ ಹಾಗೆ ಅಳುಕುತ್ತಾ ಬಿಡುತ್ತಿದ್ದರು. ಕಾಯಿಲೆಯ ನಡಿಗೆ ಹೀಗೇ ಇರುತ್ತದೇನೋ ಎಂದುಕೊಂಡೆ.

ಕಾಲು ಅಲ್ಲಿಗೇ ನಿಂತಿತು, ಮುಂದೆ ಸುಧಾರಿಸಲಿಲ್ಲ. ತಪಾಸಣೆಗೆ ಹೋದಾಗ ವೈದ್ಯರು ಆಸ್ಪತ್ರೆಯ ಹಿಂಬದಿಯಲ್ಲಿದ್ದ ಚಲನೆಯ ಸಂಶೋಧನಾ ಕೇಂದ್ರಕ್ಕೆ ಕಳಿಸಿದರು. ಹೆಸರು ದೊಡ್ಡದು, ಜಾಗ ಸಣ್ಣದು. ಒಂದೇ ಕಾರಿಡಾರ್, ಸಾಲಾಗಿ ಮೂರು ಕೋಣೆ, ನಡುವೆ ಗಾಜಿನ ಗೋಡೆ. ಮೊದಲನೆಯದರಲ್ಲಿ ಮನುಷ್ಯರು ಏಳುವುದು, ಕೂರುವುದು, ನಡೆಯುವುದನ್ನು ಅಳೆಯುತ್ತಿದ್ದರು. ಎರಡನೆಯದರಲ್ಲಿ ಯಂತ್ರಗಳಿಗೆ ಅದನ್ನೇ ಕಲಿಸುತ್ತಿದ್ದರು. ಮೂರನೆಯದರಲ್ಲಿ ವಾಹನ: ಬಸ್ಸಿನ ಮುಂಭಾಗವೊಂದನ್ನು ಕತ್ತರಿಸಿ ತಂದಿಟ್ಟಂತೆ ಸೀಟು, ಸ್ಟೀರಿಂಗ್, ಪೆಡಲ್ಲುಗಳು, ಎದುರಿಗೆ ರಸ್ತೆ ತೋರಿಸುವ ದೊಡ್ಡ ಪರದೆ. ಮೂರನ್ನೂ ನೋಡಿಕೊಳ್ಳುತ್ತಿದ್ದವರು ಒಬ್ಬ ಸಂಶೋಧಕಿ. ಚಿಕ್ಕ ವಯಸ್ಸು, ಕಡಿಮೆ ಮಾತು. ನಾವು ಮೇಡಂ ಅನ್ನುತ್ತಿದ್ದೆವು.

“ನಾವು ಮಾಡೋದು ಇಷ್ಟೇ” ಎಂದು ಅವರು ಮೊದಲ ದಿನ ಹೇಳಿದರು. “ಒಂದು ಕೆಲಸದಲ್ಲಿ ಯಾವ ಚಲನೆ ಮೊದಲು, ಯಾವುದು ಆಮೇಲೆ, ಒಂದು ಇನ್ನೊಂದಕ್ಕೆ ಯಾವಾಗ ಜಾಗ ಬಿಡುತ್ತೆ ಅಂತ ನೋಡ್ತೀವಿ. ಕುರ್ಚಿಯಿಂದ ಏಳೋದಾದ್ರೂ ಅದೇ, ಯಂತ್ರ ಲೋಟ ಎತ್ತೋದಾದ್ರೂ ಅದೇ, ಬಸ್ಸು ನಿಲ್ಲಿಸೋದಾದ್ರೂ ಅದೇ. ಆ ಸರಣಿ ಎಲ್ಲಿ ಕಡಿದಿದೆ ಅಂತ ಗೊತ್ತಾದ್ರೆ ಅಲ್ಲೇ ಹೊಲಿಗೆ ಹಾಕಬಹುದು.”

ಹೊಲಿಗೆ ಅಂದದ್ದಕ್ಕೆ ಅತ್ತಿಗೆಗೆ ಅವರು ಹಿಡಿಸಿದರು. ಅದೇ ಕಾರಣಕ್ಕೆ ಡ್ರೈವರನಿಗೆ ಹಿಡಿಸಲಿಲ್ಲ.

ಅತ್ತಿಗೆಯ ಸೊಂಟ, ಮಂಡಿ, ಹಿಮ್ಮಡಿಗೆ ಹೊಳೆಯುವ ಮಣಿಗಳನ್ನು ಅಂಟಿಸಿ ನಡೆಸಿದರು. ಪರದೆಯ ಮೇಲೆ ಅತ್ತಿಗೆ ಇರಲಿಲ್ಲ, ಬರೀ ಚುಕ್ಕಿಗಳು ನಡೆಯುತ್ತಿದ್ದವು. ಮೇಡಂ ಅದನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ನೋಡಿ ಹುಬ್ಬು ಗಂಟಿಕ್ಕಿದರು.

“ಎಡಗಾಲು ಊರಿದ ಮೇಲೆ ಒತ್ತಿ ಹಿಡೀತಾರಲ್ಲ, ಇದು ಕಾಯಿಲೆಯಿಂದ ಬಂದಿದ್ದಲ್ಲ. ನಾನೆಲ್ಲೂ ನೋಡಿಲ್ಲ ಇದನ್ನ. ಯಾರಾದ್ರೂ ಹೀಗೆ ಹೇಳಿಕೊಟ್ರಾ?”

ಡ್ರೈವರ್ ಎದೆ ಉಬ್ಬಿಸಿ ಎದ್ದು ನಿಂತ. “ಅದು ಕ್ಲಚ್ಚು ಮೇಡಂ. ನಾನೇ ಕಲಿಸಿದ್ದು.”

ಮೇಡಂ ನಗಲಿಲ್ಲ. ಕ್ಲಚ್ಚಿನ ಕಾಲು ಒತ್ತಿ ಹಿಡಿದು ನಿಧಾನ ಬಿಡಬೇಕು, ನಡೆಯುವ ಕಾಲು ಭಾರ ಹೊತ್ತ ಕೂಡಲೇ ದೇಹವನ್ನು ಮುಂದಕ್ಕೆ ದಾಟಿಸಿಬಿಡಬೇಕು, ಎರಡಕ್ಕೂ ಎಣ್ಣೆ ಸೀಗೆಕಾಯಿ ಎಂದು ಮೃದುವಾಗಿ ವಿವರಿಸಿದರು. ಮಿದುಳು ಹೊಸದಾಗಿ ಕಲಿಯುತ್ತಿರುವ ಹೊತ್ತಿನಲ್ಲಿ ಕಲಿತದ್ದು ಗಟ್ಟಿಯಾಗಿ ಕೂತುಬಿಟ್ಟಿದೆ, ಈಗ ಮೊದಲು ಅದನ್ನು ಬಿಡಿಸಬೇಕು ಎಂದರು. ಡ್ರೈವರ್ ನಿಂತವನು ಕೂರಲು ಮರೆತ. ವಾಪಸ್ ಬಸ್ಸಿನಲ್ಲಿ ನಮ್ಮ ನಿಲ್ದಾಣ ಬರುವಾಗ, “ಅಷ್ಟು ದಿನ ನಡೆಸಿದೋನು ನಾನು. ಹಾಳು ಮಾಡಿದೋನೂ ನಾನೇ ಆಗಿಬಿಟ್ಟೆ” ಅಂದ.

ಎರಡನೇ ಕೋಣೆಯಲ್ಲಿ ಅವನಿಗೆ ಪ್ರತಿಸ್ಪರ್ಧಿ ಕಾದಿದ್ದ. ಸೊಂಟದಿಂದ ಪಾದದವರೆಗೆ ಕಟ್ಟುವ ಲೋಹದ ಕಾಲುಗಳು, ಕೆಳಗೆ ಓಡುವ ಪಟ್ಟಿ, ಮೇಲೆ ಬೀಳದಂತೆ ಹಿಡಿಯುವ ಬೆಲ್ಟುಗಳು. ರೋಗಿ ಹೆಜ್ಜೆ ಸರಿಯಾಗಿ ಇಟ್ಟರೆ ಅದು ಸುಮ್ಮನೆ ಜೊತೆಗೆ ಬರುತ್ತಿತ್ತು, ತಡವರಿಸಿದರೆ ಮಾತ್ರ ಕಾಲನ್ನು ಎತ್ತಿ ದಾಟಿಸುತ್ತಿತ್ತು. ಮೊದಮೊದಲು ಅತ್ತಿಗೆ ಹೆದರಿದರು. ಎರಡು ವಾರದಲ್ಲಿ ಅದನ್ನು ‘ತಮ್ಮ’ ಎಂದು ಕರೆಯತೊಡಗಿದರು. “ಇವತ್ತು ತಮ್ಮ ಒಂದೇ ಸಲ ಕೈ ಹಿಡಿದ” ಎಂದು ನನ್ನ ಬಳಿ ಹೇಳಿಕೊಂಡರು.

“ತಮ್ಮ ಅಂತೆ” ಎಂದ ಡ್ರೈವರ್. “ಹಾಗಾದ್ರೆ ನನಗೆ ಭಾವಮೈದುನ. ಭಾವಮೈದುನನಿಗೆ ಎರಡು ಬಿಗಿಯೋ ಹಕ್ಕು ನನಗಿದೆ, ಅಲ್ವೇನೋ ಕಂಡಕ್ಟರ್?”

“ಬಿಗಿ. ಕೈ ನಿಂದೇ ಊದ್ಕೊಳ್ಳೋದು.”

ಅವನು ನಕ್ಕ, ಆದರೆ ನಗು ಕಣ್ಣಿಗೆ ಹತ್ತಲಿಲ್ಲ. ಅತ್ತಿಗೆ ಯಂತ್ರದಲ್ಲಿ ನಡೆಯುವಾಗ ಪಕ್ಕದಲ್ಲೇ ನಿಂತಿರುತ್ತಿದ್ದ. ತುಟಿ ಅಲ್ಲಾಡುತ್ತಿತ್ತು: ಒತ್ತು, ಹಿಡಿ, ಬಿಡು. ತನಗೇ ತಿಳಿಯದ ಹಾಗೆ ಅವನು ಹೇಳುತ್ತಿದ್ದ, ಅವರಿಗೇ ತಿಳಿಯದ ಹಾಗೆ ಅತ್ತಿಗೆಯ ಕಾಲು ಕೇಳುತ್ತಿತ್ತು. ಅವನು ಹತ್ತಿರವಿದ್ದ ದಿನ ಚುಕ್ಕಿಗಳು ಒತ್ತಿ ನಿಲ್ಲುತ್ತಿದ್ದವು, ಅವನು ಚಹಾ ಕುಡಿಯಲು ಹೊರಗೆ ಹೋದರೆ ದಾಟುತ್ತಿದ್ದವು. ಮೇಡಂ ಅದನ್ನು ಗಮನಿಸಿದರು. ಸ್ವಲ್ಪ ಕಾಲ ಅವನು ಈ ಕೋಣೆಗೆ ಬಾರದಿದ್ದರೆ, ಮನೆಯಲ್ಲೂ ತೋಳು ಕೊಟ್ಟು ನಡೆಸದಿದ್ದರೆ ಒಳ್ಳೆಯದು ಎಂದರು.

ಮೇಡಂ ಒಬ್ಬರೇ ಹೇಳಿದ್ದರೆ ಅವನು ತಳ್ಳಿಹಾಕುತ್ತಿದ್ದ. ಆದರೆ ಅತ್ತಿಗೆ ಹೇಳಿದರು: “ಅವರು ಹೇಳೋದು ಸರಿ ಇದೆ ರೀ. ನೀವಿದ್ರೆ ನನ್ನ ಕಾಲು ನಿಮ್ಮ ಮಾತು ಕೇಳುತ್ತೆ. ನನ್ನ ಮಾತು ಕೇಳಲ್ಲ.”

ಇಷ್ಟು ವರ್ಷ ಜೊತೆಗೆ ನಡೆದವಳು, ಸರಿಯಾಗಿ ನಡೆಯಬೇಕಾದರೆ ನೀವು ಪಕ್ಕದಲ್ಲಿ ಇರಬಾರದು ಅಂದದ್ದು ಅದು. ಅವನ ಮುಖ ನೋಡಲಾರದೆ ನಾನು ಕಾರಿಡಾರಿನ ಕಡೆ ತಿರುಗಿದೆ.

ಆಮೇಲಿನ ದಿನಗಳಲ್ಲಿ ಅವನು ಡಿಪೋದ ಹೊರಗಿನ ಚಹಾದಂಗಡಿಯಲ್ಲಿ ನನ್ನ ಎದುರು ಕೂತು ಹೊಟ್ಟೆ ಉರಿ ಕಾರುತ್ತಿದ್ದ. “ಅವಳ ಸೊಂಟಕ್ಕೆ ಕೈ ಹಾಕಿ ನಿಂತಿರುತ್ತಲ್ಲೋ ಅದು. ನಾನು ಬಾಗಿಲಾಚೆ.” ಇನ್ನೊಂದು ದಿನ: “ಅದಕ್ಕೆ ಸುಸ್ತಾಗಲ್ಲ, ಬೈಯಲ್ಲ, ಹೊತ್ತಾಯ್ತು ಅನ್ನಲ್ಲ. ಅಂಥಾ ಗಂಡ ಸಿಕ್ಕಿದ್ರೆ ಯಾರಿಗೆ ಬೇಡ?” ಮತ್ತೂ ಒಂದು ದಿನ, “ಬಿಡೋದು ಅದಕ್ಕೆ ಗೊತ್ತು ಕಣೋ. ನಾನು ಒಂದೇ ಸಮ ಹಿಡಿದೇ ಇರ್ತಿದ್ದೆ” ಅಂದ. ಎಲ್ಲ ಮಾತುಗಳಿಗಿಂತ ಅದನ್ನು ಹೇಳುವಾಗಲೇ ಅವನಿಗೆ ಹೆಚ್ಚು ಉರಿಯುತ್ತಿತ್ತು.

ಆ ಹೊತ್ತಿಗೆ ಮೇಡಂಗೆ ಮೂರನೇ ಕೋಣೆಗೆ ಅನುಭವವಿರುವ ಡ್ರೈವರುಗಳು ಬೇಕಾಗಿದ್ದರು. ನಿಲ್ದಾಣ ಹತ್ತಿರ ಬರುವಾಗ ಡ್ರೈವರನ ಕಣ್ಣು, ಕೈ, ಕಾಲು ಯಾವ ಕ್ರಮದಲ್ಲಿ ಚಲಿಸುತ್ತವೆ ಎಂಬ ಅಧ್ಯಯನ. ಇವನು ಎಲ್ಲರಿಗಿಂತ ಮೊದಲೇ ಹೋಗಿ ಹೆಸರು ಕೊಟ್ಟ. ನನಗೆ ಆಶ್ಚರ್ಯವಾಯಿತು, ಅಲ್ಲಿಗೆ ಹೋಗಿ ಸೀಟಿನ ಪಕ್ಕ ನಿಂತು ನೋಡಿದ ಮೇಲೆ ಆಶ್ಚರ್ಯ ಉಳಿಯಲಿಲ್ಲ. ಆ ಸೀಟಿನಲ್ಲಿ ಕೂತು ಎಡಕ್ಕೆ ನೋಡಿದರೆ ಗಾಜಿನಾಚೆ ಎರಡನೇ ಕೋಣೆ. ಅತ್ತಿಗೆ, ಅತ್ತಿಗೆಯ ತಮ್ಮ.

ಕಣ್ಣು ಎತ್ತ ಹೋಗುತ್ತದೆಂದು ದಾಖಲಿಸುವ ಕನ್ನಡಕ ಹಾಕಿ ಅವನನ್ನು ಕೂರಿಸಿದರು. ಪರದೆಯ ಮೇಲೆ ರಸ್ತೆ ಬಂತು, ನಿಲ್ದಾಣಗಳು ಬಂದವು. ಜೀವಮಾನವಿಡೀ ಒಂದು ನಾಯಿಮರಿಗೂ ತಾಗಿಸದವನು ಅವತ್ತು ಎರಡು ಕೆಂಪು ದೀಪ ಹಾರಿಸಿದ, ಒಂದು ನಿಲ್ದಾಣ ನುಂಗಿದ, ಕೊನೆಗೆ ನಿಂತಿದ್ದ ಲಾರಿಗೆ ಹೋಗಿ ಗುದ್ದಿದ.

“ಬ್ರೇಕ್ ಸರಿ ಇಲ್ಲ ಮೇಡಂ” ಅಂದ.

ಮೇಡಂ ದಾಖಲೆಯನ್ನು ಪರದೆಗೆ ಹಾಕಿದರು. ಅವನು ಎಲ್ಲೆಲ್ಲಿ ನೋಡಿದನೋ ಅಲ್ಲಲ್ಲಿ ಕೆಂಪು ಚುಕ್ಕಿ. ರಸ್ತೆ ಹೆಚ್ಚುಕಡಿಮೆ ಖಾಲಿ. ಎಡ ಅಂಚಿನಲ್ಲಿ, ಪರದೆಯ ಆಚೆ, ಗೋಡೆ ಇರುವ ಜಾಗದಲ್ಲಿ, ಜೇನುಗೂಡಿಗೆ ಹುಳು ಮುತ್ತಿದ ಹಾಗೆ ಚುಕ್ಕಿಗಳು.

“ಅಂಕಲ್, ಅಲ್ಲೇನಿತ್ತು?” ಎಂದರು ಮೇಡಂ, ಗೊತ್ತಿದ್ದೂ ಕೇಳುವವರ ದನಿಯಲ್ಲಿ.

ಅಷ್ಟರಲ್ಲಿ ಅತ್ತಿಗೆ ಅಂದಿನ ನಡಿಗೆ ಮುಗಿಸಿ, ಗೋಡೆಯ ಕಂಬಿ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಿದ್ದರು. ಅವರು ಪರದೆಯನ್ನು ನೋಡಿದರು. ತಿರುಗಿ, ತಾವು ಈಗಷ್ಟೇ ನಡೆದ ಕೋಣೆಯನ್ನು ಗಾಜಿನ ಮೂಲಕ ನೋಡಿದರು. ಅರ್ಥವಾಯಿತು.

“ರೀ, ನಾನು ದಿನಾ ನಿಮ್ಮ ಎಡಗಡೆ ಸೀಟಲ್ಲೇ ಕೂರ್ತಿದ್ನಲ್ಲ” ಅಂದರು. “ಅಷ್ಟು ವರ್ಷ ಬಸ್ಸು ಹೇಗೆ ಓಡಿಸಿದ್ರಿ?”

ಮೇಡಂಗೂ ನಗು ತಡೆಯಲಾಗಲಿಲ್ಲ. ಡ್ರೈವರ್ ಕನ್ನಡಕ ತೆಗೆದು ಮಡಿಚಲು ಹೋಗಿ, ಅದು ಮಡಿಚುವಂಥದ್ದಲ್ಲ ಎಂದು ತಿಳಿದು, ಸೀಟಿನ ಮೇಲಿಟ್ಟ. ಅವನ ದಾಖಲೆ ಅಧ್ಯಯನಕ್ಕೆ ಉಪಯೋಗಕ್ಕೆ ಬರಲಿಲ್ಲ. ಆದರೆ ಅವತ್ತು ಮನೆಗೆ ಹೋಗುವಾಗ ಅತ್ತಿಗೆ ಅವನ ಕಡೆ ಬೇರೆ ಥರ ನೋಡುತ್ತಿದ್ದರು. ಬಸ್ಸಿನಿಂದ ಇಳಿಯುವ ಮುಂಚೆ ಅವನಿಗೆ ಹೇಳಿದ್ದು ನನಗೂ ಕೇಳಿಸಿತು.

“ನಿಮ್ಮ ಜೊತೆ ಕಾಲುವೆ ದಂಡೆಗೆ ಹೋಗ್ಬೇಕು ಅಂತಾನೇ ನಾನು ಅದರ ಜೊತೆ ನಡೀತಿರೋದು. ಇಷ್ಟೂ ತಿಳಿಯಲ್ವಾ?”

“ತಿಳಿಯುತ್ತೆ” ಅಂದ ಅವನು. “ತಿಳಿದ್ರೂ ಉರಿಯುತ್ತೆ ಕಣೇ. ಏನು ಮಾಡ್ಲಿ?”

ಬೇಸಿಗೆ ಮುಗಿಯುವ ಹೊತ್ತಿಗೆ ಯಂತ್ರ ಅತ್ತಿಗೆಯ ಕಾಲನ್ನು ಹಿಡಿಯುವುದು ಬಹುತೇಕ ನಿಂತಿತು. ಕೊನೆಗೆ ಅವರನ್ನು ಬಿಚ್ಚಿ ನೆಲಕ್ಕೆ ಬಿಟ್ಟರು. ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಒಬ್ಬರೇ ನಡೆದರು. ಡ್ರೈವರ್ ಬೆಂಚಿನ ಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದ. ಮೇಡಂ ಅವನಿಗೂ ಒಂದು ಪಾಠ ಕೊಟ್ಟರು: ಇನ್ನು ಕೆಲವು ವಾರ ಅವರು ಹೊರಗೆ ಒಬ್ಬರೇ ನಡೆಯಬೇಕು, ಕರೆಯದೆ ಹತ್ತಿರ ಹೋಗಬಾರದು, ಕಾಯಬೇಕು. ಆ ಹೊಸ ಸರಣಿ ಬೀದಿಯಲ್ಲೂ ಗಟ್ಟಿಯಾದರೆ ಆಮೇಲೆ ಯಾರ ತೋಳು ಹಿಡಿದರೂ ಅದು ಕೆಡುವುದಿಲ್ಲ.

“ಯಾರ ತೋಳು ಅಂದ್ರೆ?” ಎಂದ ಡ್ರೈವರ್.

“ನಿಮ್ಮದೇ ಅಂಕಲ್.”

ಕಾಯುವುದು ಅವನಿಗೆ ಒಗ್ಗದ ಕೆಲಸ. ಜನರನ್ನು ಕಾಯಿಸಿದವನೇ ಹೊರತು ಕಾದವನಲ್ಲ. ಅತ್ತಿಗೆ ಮೊದಲು ಮನೆ ಮುಂದೆ, ಆಮೇಲೆ ಬೀದಿಯ ಮೊದಲ ದೀಪದ ಕಂಬದವರೆಗೆ ಹೋಗಿ ಬರತೊಡಗಿದರು. ಇವನು ಎರಡನೇ ಮಹಡಿಯ ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದ. ಅವರು ಕೈ ಊರಿದ ಗೋಡೆಯ ಮೇಲೆ, ನಿಂತು ಮಾತಾಡಿಸಿದ ನೆರೆಯವರ ಮೇಲೆ, ಬೀದಿಯ ಮೇಲೆ ಅವನಿಗೆ ಹೊಟ್ಟೆ ಉರಿ. ಅದನ್ನು ಅತ್ತಿಗೆಗೆ ಹೇಳಬಾರದೆಂದು ನನಗೆ ಫೋನ್ ಮಾಡುತ್ತಿದ್ದ.

ಮಂಗಳವಾರ ಅತ್ತಿಗೆ ಮೊದಲ ಸಲ ಮೂಲೆಯ ಅಂಗಡಿಗೆ ಹೊರಟರು, ನೀಲಿ ದಾರದ ಉಂಡೆ ತರಲು. ಅವರು ಮೆಟ್ಟಿಲಿಳಿದ ಕೂಡಲೇ ನನ್ನ ಫೋನ್ ಬಡಿದುಕೊಂಡಿತು.

“ಕೆಳಗೆ ಬಂದಳು” ಎಂದ. “ಕಂಬಿ ಬಿಟ್ಟಳು. ಯಾಕೆ ಬಿಟ್ಟಳು? ಹಿಡ್ಕೊಳ್ಳೋದಲ್ವಾ?”

“ಬಿಡಲಿ. ಬಿಡೋದಕ್ಕೇ ಅಲ್ವಾ ಕಲ್ತಿದ್ದು?”

“ಅವನ್ಯಾರೋ ನಿಲ್ಲಿಸಿ ಮಾತಾಡಿಸ್ತಿದಾನೆ. ನಗ್ತಿದಾಳೆ. ಏನಂತೆ ಅವನಿಗೆ?”

“ಯಾರು?”

“ಪೋಸ್ಟ್‌ಮ್ಯಾನ್.”

“ಅವನಿಗೆ ಮೊಮ್ಮಕ್ಕಳಿದಾರೆ ಕಣಯ್ಯಾ.”

“ಇದ್ರೆ? ನನಗೆ ಮೊಮ್ಮಕ್ಕಳಿಲ್ಲ ಅಂತ ಹೊಟ್ಟೆ ಉರಿಸೋಕೆ ಹೇಳ್ತಿಯಾ?” ಆಮೇಲೆ, “ಹೊರಟಳು. ಎಡಗಾಲು ನೋಡ್ಬೇಕಿತ್ತು ನೀನು. ಊರಿದಳು, ದಾಟಿದಳು. ನಿಲ್ಲೋದೇ ಇಲ್ಲ ಈಗ ಅದು” ಅಂದ. ಅವನ ದನಿ ಸಣ್ಣದಾಯಿತು. “ಮೂಲೆ ತಿರುಗಿದಳು. ಕಾಣ್ತಿಲ್ಲ.”

“ಬರ್ತಾರೆ. ಅಲ್ಲೇ ನಿಂತಿರು.”

“ನಿಂತಿದೀನಿ.”

“ಬಾಲ್ಕನಿಯಲ್ಲೇ?”

ಚಪ್ಪಲಿಯ ಸದ್ದು ಕೇಳಿಸಿತು, ಆಮೇಲೆ ಫೋನ್ ಕಟ್ಟಾಯಿತು.

ಉಳಿದದ್ದು ಅತ್ತಿಗೆ ಹೇಳಿದ್ದು. ಅವರು ದಾರ ಕೊಂಡು ವಾಪಸ್ ಬಂದು ಮೆಟ್ಟಿಲ ಬುಡದಲ್ಲಿ ದಣಿವಾರಿಸಿಕೊಳ್ಳಲು ನಿಂತಾಗ ಮೇಲಿನ ತಿರುವಿನಲ್ಲಿ ಅವನ ಪಾದಗಳು ಕಂಡವು. ಅರ್ಧ ಇಳಿದು ಬಂದಿದ್ದ. ಅವರನ್ನು ಕಂಡ ಕೂಡಲೇ ಪಾದಗಳು ಗಕ್ಕನೆ ನಿಂತವು. ಕರೆದಿದ್ದರೆ ಹಾರಿ ಬರುತ್ತಿದ್ದ. ಅತ್ತಿಗೆ ಕರೆಯಲಿಲ್ಲ, ನೋಡಿಯೂ ನೋಡದವರ ಹಾಗೆ ತಲೆ ತಗ್ಗಿಸಿ ದಾರದ ಉಂಡೆಯನ್ನು ತಿರುಗಿಸುತ್ತಾ ನಿಂತರು, ಅವನು ಮನೆಯೊಳಗೆ ಸೇರಿಕೊಳ್ಳಲಿ ಎಂದು. ಅಷ್ಟು ಹೊತ್ತು ನಿಲ್ಲಬಾರದಿತ್ತು ಎಂದು ಈಗ ನನ್ನ ಬಳಿ ಮತ್ತೆ ಮತ್ತೆ ಹೇಳುತ್ತಾರೆ. ಅವರು ಮೇಲೆ ತಲುಪುವ ಹೊತ್ತಿಗೆ ಅವನು ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದ, ಉಸಿರಿರಲಿಲ್ಲ.

ಆದರೆ ಅದಕ್ಕೂ ಮೊದಲು, ಕೆಳಗೆ ನಿಂತು, ಓರೆಗಣ್ಣಿನಲ್ಲಿ ಅವರು ಕಂಡದ್ದು ಇಷ್ಟು. ಡ್ರೈವರ್ ಬಗ್ಗಿ ಎರಡೂ ಚಪ್ಪಲಿ ಕಳಚಿದ. ಅವನ್ನು ಒಂದೇ ಕೈಯಲ್ಲಿ ಹಿಡಿದುಕೊಂಡ. ಹೆಂಡತಿಗೆ ಸದ್ದು ಕೇಳಬಾರದೆಂದು, ತುದಿಗಾಲಿನಲ್ಲಿ, ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಹೋದ.